ಲ್ಯಾಂಡ್‌ಸ್ಕೇಪ್ ವಿನ್ಯಾಸ ಸಂಸ್ಥೆ ಕಟ್ಟುವವರಿಗೆ: ಮೊದಲ ಕರಾರಿನಿಂದ ಪಾಲುದಾರಿಕೆಯವರೆಗೆ

ಕಟ್ಟಡವೊಂದು ಮಾಲೀಕರ ಕೈಸೇರುವ ದಿನ ಅತ್ಯಂತ ಚೆಂದವಾಗಿರುತ್ತದೆ. ಅದೇ ದಿನ ಅದರ ಸುತ್ತಲಿನ ತೋಟ ಅತ್ಯಂತ ಬಡವಾಗಿ ಕಾಣುತ್ತದೆ: ಸೊಂಟದೆತ್ತರದ ಸಸಿಗಳು, ಆಸರೆ ಕೋಲಿಗೆ ಕಟ್ಟಿದ ಕಾಂಡಗಳು, ಇನ್ನೂ ಕೂಡಿಕೊಳ್ಳದ ಹುಲ್ಲು. ವಿನ್ಯಾಸ ಸರಿಯಿತ್ತೇ ಎಂದು ತಿಳಿಯಲು ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಕಳೆಯಬೇಕು. ಮರಗಳ ವಿಷಯದಲ್ಲಿ ಹತ್ತು ವರ್ಷವೂ ಬೇಕಾದೀತು.

ಹೀಗಿದ್ದರೂ ಹೊಸದಾಗಿ ಕಚೇರಿ ತೆರೆಯುವ ಬಹಳಷ್ಟು ಮಂದಿ ಕಟ್ಟಡ ವಾಸ್ತುಶಿಲ್ಪಿಗಳ ಲೆಕ್ಕಾಚಾರವನ್ನೇ ಎರವಲು ತರುತ್ತಾರೆ. ನಕ್ಷೆ ಕೊಡುತ್ತಾರೆ, ಬಿಲ್ ಕಳುಹಿಸುತ್ತಾರೆ, ಹಸ್ತಾಂತರವಾದ ಕೂಡಲೇ ಮುಂದಿನ ಕೆಲಸಕ್ಕೆ ಹೊರಡುತ್ತಾರೆ. ಹಸ್ತಾಂತರದ ನಂತರದ ವರ್ಷಗಳನ್ನು ತನ್ನ ಕೆಲಸದ ಭಾಗವಾಗಿ, ತನ್ನ ಸಂಭಾವನೆಯ ಭಾಗವಾಗಿ ಮಾಡಿಕೊಂಡ ಸಂಸ್ಥೆಯೇ ಈ ವೃತ್ತಿಯಲ್ಲಿ ಗಟ್ಟಿಯಾಗಿ ಬೆಳೆಯುತ್ತದೆ ಎಂದು ನಾನು ನಂಬಿದ್ದೇನೆ. ಕೆಳಗಿನ ಹಂತಗಳನ್ನು ಆ ನಂಬಿಕೆಯ ಮೇಲೆಯೇ, ಕರ್ನಾಟಕದಲ್ಲಿ ಕಚೇರಿ ತೆರೆಯಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹಂತ 1: ಹೆಸರು ಮತ್ತು ಕಾನೂನಿನ ಚೌಕಟ್ಟು

1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ 'ಆರ್ಕಿಟೆಕ್ಟ್' ಎಂಬ ಬಿರುದನ್ನು ಬಳಸಬಹುದು. ಆದರೆ ಅದೇ ಕಾಯ್ದೆಯ 37ನೆಯ ಕಲಮು 'ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್' ಎಂದು ಕರೆಸಿಕೊಳ್ಳುವವರಿಗೆ ವಿನಾಯಿತಿ ನೀಡುತ್ತದೆ. ಗಿಡ, ಮರ ಮತ್ತು ಭೂದೃಶ್ಯಕ್ಕೆ ಸಂಬಂಧಿಸಿದ ತೆರೆದ ಜಾಗಗಳ ವಿನ್ಯಾಸದಲ್ಲಿ ತೊಡಗಿರುವವರು ಎಂದು ಅವರನ್ನು ವಿವರಿಸುತ್ತದೆ. ಕಾನೂನು ಇಷ್ಟು ಸಡಿಲವಾಗಿರುವುದರಿಂದ ಯಾರು ಬೇಕಾದರೂ ಫಲಕ ಹಾಕಿಕೊಳ್ಳಬಹುದು. ಗ್ರಾಹಕರು ನಿಮ್ಮನ್ನು ನರ್ಸರಿಯವರಿಂದ ಬೇರೆಯಾಗಿ ನೋಡಬೇಕಾದರೆ ಓದು ಮತ್ತು ಅನುಭವ ಎರಡೂ ಕಾಗದದ ಮೇಲೆ ಇರಬೇಕು. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಂಥ ಕಡೆ ಈ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇದೆ. ವೃತ್ತಿಪರರ ಸಂಘವಾದ ಇಂಡಿಯನ್ ಸೊಸೈಟಿ ಆಫ್ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ಸ್‌ನ ಸದಸ್ಯತ್ವವನ್ನೂ ಪಡೆದುಕೊಳ್ಳಿ.

ಆರಂಭದಲ್ಲಿ ಏಕಮಾಲೀಕತ್ವ ಸಾಕು. ಇಬ್ಬರು ಸೇರಿ ತೆರೆಯುವುದಾದರೆ ಪಾಲುದಾರಿಕೆ ಪತ್ರ ಮಾಡಿಸಿ. ಪಾಲುದಾರರಲ್ಲಿ ಒಬ್ಬರು ತೋಟಗಾರಿಕೆ ಓದಿದವರಾಗಿದ್ದರೆ ಸಂಸ್ಥೆಯ ಹೆಸರಿನಲ್ಲಿ 'ಆರ್ಕಿಟೆಕ್ಟ್ಸ್' ಎಂದು ಸೇರಿಸುವ ಮುನ್ನ ವಕೀಲರನ್ನು ಕೇಳಿ, ಏಕೆಂದರೆ ಆ ಬಿರುದಿನ ಸಂಸ್ಥೆಯಲ್ಲಿ ಎಲ್ಲ ಪಾಲುದಾರರೂ ನೋಂದಾಯಿತರಾಗಿರಬೇಕು.

ತೆರಿಗೆಯ ಕಡೆ ಮೂರು ವಿಷಯ ನೆನಪಿಡಿ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ವಿನ್ಯಾಸ ಸೇವೆಗೆ ದರ 18%. ಕಂಪನಿಗಳು ನಿಮ್ಮ ಸಂಭಾವನೆಯಿಂದ 10% ಮೂಲದಲ್ಲೇ ಕಡಿತ ಮಾಡುತ್ತವೆ, ಹಾಗಾಗಿ ಕೈಗೆ ಬರುವ ಮೊತ್ತದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ 'ಉದ್ಯಮ್' ನೋಂದಣಿಯನ್ನು ಮೊದಲ ವಾರದಲ್ಲೇ ಮಾಡಿಸಿ, ಅದು ಉಚಿತ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು 45 ದಿನ ಮೀರಿಸಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ದೊಡ್ಡ ಬಿಲ್ಡರ್‌ಗೆ ಕಳುಹಿಸುವ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಇರಲಿ. ಆ ಒಂದು ಸಾಲಿನ ತೂಕ ಅವರ ಲೆಕ್ಕಪತ್ರ ವಿಭಾಗಕ್ಕೆ ಗೊತ್ತಿರುತ್ತದೆ.

ಹಂತ 2: ನಕ್ಷೆಗಿಂತ ಮೊದಲು ನೀರು ಮತ್ತು ಮಣ್ಣಿನ ಲೆಕ್ಕ

ಈ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೊಸ ಸಂಸ್ಥೆಗೆ ಹೆಸರು ಬರುವುದೂ ಹೋಗುವುದೂ ಇಲ್ಲಿಯೇ.

ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಒಂದು ಎಕರೆ ಹುಲ್ಲುಹಾಸು ಎಂದರೆ ದಿನಕ್ಕೆ 20,000 ಲೀಟರ್. ಗ್ರಾಹಕರು ಚಿತ್ರ ತೋರಿಸಿ 'ಹೀಗೇ ಹಸಿರಾಗಿರಬೇಕು' ಎಂದಾಗ ಈ ಅಂಕಿಯನ್ನು ಅವರ ಮುಂದೆ ಬರೆದು ತೋರಿಸಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ಸಂಸ್ಕರಿಸಿದ ನೀರಿಗೆ ಬೇರೆಯೇ ಕೊಳವೆ ಹಾಕಿಸಿದ್ದವರ ತೋಟಗಳಿಗೆ ಆ ಬೇಸಿಗೆಯಲ್ಲೂ ನೀರಿನ ದಾರಿ ಇತ್ತು. ಅಪಾರ್ಟ್‌ಮೆಂಟ್ ಕೆಲಸ ಒಪ್ಪಿಕೊಳ್ಳುವಾಗ ಕೊಳಚೆ ನೀರಿನ ಸಂಸ್ಕರಣಾ ಘಟಕ ದಿನಕ್ಕೆ ಎಷ್ಟು ನೀರು ಕೊಡುತ್ತದೆ, ಅದರ ಗುಣಮಟ್ಟ ಹೇಗಿದೆ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಲಿ.

ಮಳೆಯ ಲೆಕ್ಕ ಇದಕ್ಕಿಂತ ಸಂತೋಷದ್ದು. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು ಬಿದ್ದಂತೆ. ಬೆಂಗಳೂರಿನಲ್ಲಿ ಒಂದೇ ಸಂಜೆ ಅಷ್ಟು ಸುರಿಯುವುದುಂಟು. ಅದು ಚರಂಡಿಗೆ ಓಡುತ್ತದೆಯೇ, ತಗ್ಗು ಪಾತಿಗಳಲ್ಲಿ ನಿಂತು ಇಂಗುತ್ತದೆಯೇ, ಇಂಗುಗುಂಡಿ ಎಲ್ಲಿರಬೇಕು ಎಂಬುದನ್ನು ನೆಲದ ಇಳಿಜಾರು ನಿರ್ಧರಿಸುತ್ತದೆ. ಆದ್ದರಿಂದ ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣದಿಂದ ಮಾಡಿದ, ನೆಲದ ಏರಿಳಿತ ತೋರಿಸುವ ಸಮಪಾತಳಿ ರೇಖೆಗಳ (ಕಾಂಟೂರ್) ಸರ್ವೆ ಕೈಗೆ ಬರುವವರೆಗೆ ಪರಿಕಲ್ಪನೆಯ ಚಿತ್ರ ಬರೆಯಲು ಕೂರಬೇಡಿ. ಸರ್ವೆಯ ಖರ್ಚು ಗ್ರಾಹಕರದ್ದೇ ಎಂದು ಕರಾರಿನಲ್ಲಿ ಬರೆಯಿರಿ.

ಕಚೇರಿಯಲ್ಲಿ ಸಿದ್ಧ ನಕ್ಷೆಗಳ ಭಂಡಾರ ಬೆಳೆದಂತೆ ಒಂದನ್ನೇ ಎಲ್ಲ ಕಡೆ ಬಳಸುವ ಆಸೆ ಹುಟ್ಟುತ್ತದೆ. ಕರ್ನಾಟಕದಲ್ಲಿ ಅದು ಸಾಧ್ಯವೇ ಇಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು ಮಳೆ, ಕೆಳಗೆ ಮುರಕಲ್ಲು. ವಿಜಯಪುರದಲ್ಲಿ 600 ಮಿ.ಮೀ. ಆಸುಪಾಸು, ಕೆಳಗೆ ಎರೆಮಣ್ಣು. ಮಂಗಳೂರಿನಲ್ಲಿ ನೀರನ್ನು ಸಾಗಹಾಕುವುದು, ಮಣ್ಣು ಕೊಚ್ಚಿಹೋಗದಂತೆ ತಡೆಯುವುದು ವಿನ್ಯಾಸದ ಮುಖ್ಯ ಕೆಲಸ. ವಿಜಯಪುರದಲ್ಲಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನ ಮೇಲೆ ಕಲ್ಲುಹಾಸು ಹಾಕಬೇಕಾದರೆ ಮೊದಲು ಮಣ್ಣು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿಸಬೇಕು. ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಕಲ್ಲುಗಳು ಎದ್ದು ನಿಲ್ಲುತ್ತವೆ.

ನೆಲಮಾಳಿಗೆಯ ಚಾವಣಿಯ ಮೇಲೆ ತೋಟ ಮಾಡುವಾಗ ಭಾರದ ಲೆಕ್ಕವೂ ಸೇರುತ್ತದೆ. ಹುಲ್ಲಿಗೆ 30 ಸೆಂ.ಮೀ., ಪೊದೆಗಳಿಗೆ 60 ಸೆಂ.ಮೀ., ಸಣ್ಣ ಮರಗಳಿಗೆ ಕನಿಷ್ಠ ಒಂದು ಮೀಟರ್ ಮಣ್ಣು ಬೇಕು. ನೆನೆದ ಮಣ್ಣು ಒಂದು ಮೀಟರ್ ದಪ್ಪವಿದ್ದರೆ ಚದರ ಮೀಟರಿಗೆ ಸುಮಾರು ಎರಡು ಟನ್ ತೂಗುತ್ತದೆ. ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕಾಂಕ್ರೀಟ್ ಹಾಕುವ ಮೊದಲೇ ತಿಳಿಸಬೇಕು. ನಮ್ಮನ್ನು ಕಟ್ಟಡ ಮುಗಿದ ಮೇಲೆ ಕರೆಯುವ ರೂಢಿಯನ್ನು ನೀವು ಒಪ್ಪಿಕೊಳ್ಳಬಾರದು ಎನ್ನುವುದು ಇದೇ ಕಾರಣಕ್ಕೆ. ತಳಪಾಯ ಅಗೆಯುವ ಮೊದಲು ಕರೆದರೆ ಮೇಲಿನ 15-20 ಸೆಂ.ಮೀ. ಫಲವತ್ತಾದ ಮಣ್ಣನ್ನು ಬೇರೆ ರಾಶಿ ಹಾಕಿಸಬಹುದು, ಹಳೆಯ ಮರಗಳನ್ನು ಉಳಿಸಬಹುದು, ರಸ್ತೆಯಡಿ ನೀರಾವರಿ ಕೊಳವೆ ಹಾಯಿಸಲು ಸ್ಲೀವ್ (ಹೊರ ಕೊಳವೆ) ಇಡಿಸಬಹುದು. ಕೊನೆಯಲ್ಲಿ ಕರೆದರೆ ಉಳಿದ ಹಣದಲ್ಲಿ ಉಳಿದ ಜಾಗಕ್ಕೆ ಗಿಡ ನೆಡುವುದಷ್ಟೇ ಉಳಿಯುತ್ತದೆ.

ಮರ ಕಡಿಯುವುದು, ಸ್ಥಳಾಂತರಿಸುವುದು ಬಂದಾಗ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ಮರ ಅಧಿಕಾರಿಯ ಅನುಮತಿ ಬೇಕು. ನಿವೇಶನದ ಪ್ರತಿ ಮರದ ಜಾತಿ, ಸುತ್ತಳತೆ, ಸ್ಥಾನವನ್ನು ಸರ್ವೆಯಲ್ಲೇ ದಾಖಲಿಸಿಟ್ಟರೆ ಆ ಅರ್ಜಿಯೂ ಸುಲಭ, ಮರ ಉಳಿಸುವ ವಾದವೂ ಸುಲಭ.

ಹಂತ 3: ಗಿಡಗಳ ಪಟ್ಟಿಯನ್ನು ಬೀದಿಯಲ್ಲಿ ಕಲಿಯಿರಿ

1908ರಲ್ಲಿ ಬಡೋದೆಯಿಂದ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಉದ್ಯಾನ ತಜ್ಞ ಜಿ.ಎಚ್. ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಿಗೆ ಸರದಿಯ ಹೂವಿನ ಕ್ರಮವನ್ನು ತಂದರು: ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದರದು ಆರಂಭವಾಗಬೇಕು. ಲಾಲ್‌ಬಾಗ್ ಅವರ ಪ್ರಯೋಗಶಾಲೆಯಾಗಿತ್ತು. ಒಂದು ಶತಮಾನ ಕಳೆದ ಮೇಲೂ ಚಳಿಗಾಲದ ಗುಲಾಬಿ ಟಬೆಬುಯಾ, ಅದರ ಹಿಂದೆ ಜಕರಂದ, ಏಪ್ರಿಲ್-ಮೇನಲ್ಲಿ ಗುಲ್‌ಮೊಹರ್, ಹೊಳೆ ದಾಸವಾಳ ಎಂದು ನಗರದ ಬೀದಿಗಳಲ್ಲಿ ಆ ಕ್ರಮವನ್ನು ಕಾಣಬಹುದು. ಹೊಸ ಕಚೇರಿಯವರೆಲ್ಲ ಪ್ರತಿ ತಿಂಗಳು ಒಂದು ಬೆಳಗ್ಗೆ ನಡೆದು ಯಾವ ಮರ ಏನು ಮಾಡುತ್ತಿದೆ ಎಂದು ಟಿಪ್ಪಣಿ ಮಾಡಿಕೊಳ್ಳಲಿ. ಒಂದು ವರ್ಷದಲ್ಲಿ ನಿಮ್ಮದೇ ಊರಿನ ಪಂಚಾಂಗ ಸಿದ್ಧವಾಗುತ್ತದೆ.

ಆ ಪಟ್ಟಿಯಲ್ಲಿ ಹೊಂಗೆ, ಬಕುಳ, ಕಕ್ಕೆ, ಮುತ್ತುಗ, ಹೊಳೆಮತ್ತಿ, ಸುರಹೊನ್ನೆ ಮುಂತಾದ ನಮ್ಮ ನೆಲದ ಮರಗಳಿಗೆ ಮೊದಲ ಜಾಗ ಕೊಡಿ. ನರ್ಸರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಬೇಗ ಬೆಳೆಯುತ್ತದೆ ಎಂಬ ಕಾರಣಕ್ಕೆ ಗಿಡ ಆರಿಸುವುದು ಬೇಡ. ಬೇಗ ಬೆಳೆಯುತ್ತದೆಂದು ಸಾಲುಸಾಲಾಗಿ ನೆಟ್ಟ ಕೊನೊಕಾರ್ಪಸ್ ಎಂಬ ವಿದೇಶಿ ಮರವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಬೇಕಾಯಿತು. ಇಂದು ನಮ್ಮ ಕಾಡುಗಳನ್ನು ಆವರಿಸಿರುವ ಲಂಟಾನ ಕೂಡ ಒಂದು ಕಾಲದಲ್ಲಿ ಅಲಂಕಾರಕ್ಕೆಂದು ತಂದ ಗಿಡ. ಗ್ರಾಹಕರಿಗೆ ಬೇಡ ಎನ್ನುವ ಜವಾಬ್ದಾರಿ ನಮ್ಮದೇ.

ನೆಡುವ ಕಾಲ ಜೂನ್-ಜುಲೈ. ಬೇಸಿಗೆಯಲ್ಲಿ ಉದ್ಘಾಟನೆಯಿದೆ ಎಂದು ಏಪ್ರಿಲ್‌ನಲ್ಲಿ ಮರ ನೆಡಿಸುವವರಿಗೆ ಅದರ ಹೆಚ್ಚುವರಿ ನೀರಿನ ಮತ್ತು ಸಾಯುವ ಗಿಡಗಳ ಖರ್ಚನ್ನು ಲಿಖಿತವಾಗಿ ತಿಳಿಸಿ.

ಹಂತ 4: ಸಂಭಾವನೆ

ಚದರ ಅಡಿಗೆ ಇಷ್ಟು ಎಂಬ ಮಾರುಕಟ್ಟೆಯ ದರದಿಂದ ಆರಂಭಿಸಬೇಡಿ. ನಿಮ್ಮ ಒಂದು ಗಂಟೆಯ ಬೆಲೆ ಎಷ್ಟೆಂದು ಮೊದಲು ಕಂಡುಕೊಳ್ಳಿ.

ಒಂದು ಉದಾಹರಣೆ ನೋಡೋಣ. ಮೂವರಿರುವ ಕಚೇರಿ, ಸಂಬಳ, ಬಾಡಿಗೆ, ತಂತ್ರಾಂಶ, ಓಡಾಟ ಸೇರಿ ತಿಂಗಳ ಖರ್ಚು 2 ಲಕ್ಷ ರೂಪಾಯಿ. ಮೂವರ ಒಟ್ಟು ಕೆಲಸದ ಅವಧಿ ಸುಮಾರು 528 ಗಂಟೆ. ಅದರಲ್ಲಿ ಸಭೆ, ಹೊಸ ಕೆಲಸದ ಹುಡುಕಾಟ, ಪ್ರಯಾಣ, ಲೆಕ್ಕಪತ್ರ ಕಳೆದರೆ ಬಿಲ್ ಮಾಡಬಹುದಾದದ್ದು 300 ಗಂಟೆ ಎಂದುಕೊಳ್ಳಿ. ಖರ್ಚು ಸರಿದೂಗಿಸಲಿಕ್ಕೇ ಗಂಟೆಗೆ 667 ರೂಪಾಯಿ ಬೇಕು. ಉಳಿತಾಯ, ಲಾಭ, ಕೆಲಸವಿಲ್ಲದ ತಿಂಗಳುಗಳನ್ನು ಸೇರಿಸಿದರೆ ಸಾವಿರ ರೂಪಾಯಿ. ಒಂದು ಮನೆಯ ತೋಟಕ್ಕೆ ಪರಿಕಲ್ಪನೆ, ನಕ್ಷೆ, ಮೇಲ್ವಿಚಾರಣೆ ಸೇರಿ 180 ಗಂಟೆ ಹಿಡಿಯುತ್ತದೆ ಎಂದಾದರೆ ಸಂಭಾವನೆ 1,80,000 ರೂಪಾಯಿ. ಗ್ರಾಹಕರು 60,000ಕ್ಕೆ ಕೇಳಿದಾಗ ಏನನ್ನು ಬಿಟ್ಟುಕೊಡುತ್ತಿದ್ದೀರಿ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಸಂಭಾವನೆ ಇಳಿಸಲೇಬೇಕೆಂದರೆ ಕೆಲಸದ ವ್ಯಾಪ್ತಿಯನ್ನೂ ಇಳಿಸಿ: ಪರಿಕಲ್ಪನೆ ಮತ್ತು ಗಿಡಗಳ ಪಟ್ಟಿ ಮಾತ್ರ ಕೊಡುತ್ತೇವೆ ಎನ್ನಿ.

ಕಂತುಗಳನ್ನು ಹೀಗೆ ಹಂಚುವುದು ನನಗೆ ಸರಿಯೆನಿಸುತ್ತದೆ: ಮುಂಗಡ 15%, ಪರಿಕಲ್ಪನೆ ಒಪ್ಪಿದಾಗ 25%, ಕೆಲಸದ ನಕ್ಷೆಗಳು ಮತ್ತು ಪ್ರಮಾಣ ಪಟ್ಟಿ (ಯಾವ ಸಾಮಗ್ರಿ ಎಷ್ಟು ಎಂಬ ಪಟ್ಟಿ) ಕೊಟ್ಟಾಗ 30%, ನಿರ್ಮಾಣದ ಅವಧಿಯಲ್ಲಿ 20%, ಹಸ್ತಾಂತರದ ನಂತರದ ಒಂದು ವರ್ಷಕ್ಕೆ 10%. ನಿರ್ಮಾಣದ ಕಂತನ್ನು ತಿಂಗಳ ಲೆಕ್ಕದಲ್ಲಿ ಬರೆಯಿರಿ. ಲ್ಯಾಂಡ್‌ಸ್ಕೇಪ್ ಕೆಲಸ ಎಲ್ಲಕ್ಕಿಂತ ಕೊನೆಯಲ್ಲಿ ಬರುವುದರಿಂದ ಬೇರೆ ಎಲ್ಲರ ವಿಳಂಬವೂ ನಮ್ಮ ತಲೆಯ ಮೇಲೆ ಬೀಳುತ್ತದೆ. 'ಕೆಲಸ ಮುಗಿದಾಗ' ಎಂದು ಬರೆದ ಕಂತು ಎರಡು ವರ್ಷ ತಡವಾಗಿ ಬಂದರೆ ಅಚ್ಚರಿಪಡಬೇಕಾಗಿಲ್ಲ. ಕೈಯಲ್ಲಿ ಕನಿಷ್ಠ ಆರು ತಿಂಗಳ ಖರ್ಚಿನ ಹಣ ಇಟ್ಟುಕೊಂಡೇ ಕಚೇರಿ ತೆರೆಯಿರಿ.

ಕರಾರಿನಲ್ಲಿ ಎಷ್ಟು ಬಾರಿ ವಿನ್ಯಾಸ ಬದಲಿಸಿಕೊಡುತ್ತೀರಿ, ಎಷ್ಟು ಬಾರಿ ಸ್ಥಳಕ್ಕೆ ಬರುತ್ತೀರಿ, ಅದಕ್ಕಿಂತ ಹೆಚ್ಚಾದರೆ ಎಷ್ಟು ಎಂಬುದು ಅಂಕಿಯಲ್ಲಿ ಇರಲಿ.

ಹಂತ 5: ನರ್ಸರಿ, ಕಲ್ಲು, ಗುತ್ತಿಗೆದಾರ

ಬೆಂಗಳೂರಿನ ದೊಡ್ಡ ಯೋಜನೆಗಳಿಗೆ ಬೆಳೆದ ಮರಗಳು ಆಂಧ್ರದ ರಾಜಮಹೇಂದ್ರಿ ಬಳಿಯ ಕಡಿಯಂನಿಂದ ಲಾರಿಗಳಲ್ಲಿ ಬರುತ್ತವೆ. ಗೋದಾವರಿ ತೀರದ ಸೆಕೆಯಲ್ಲಿ ಬೆಳೆದ ಗಿಡ ಬಯಲುಸೀಮೆಯ ಎತ್ತರದ ಹವೆಗೆ ಹೊಂದಿಕೊಳ್ಳಲು ಕಾಲ ಬೇಕು. ತಂದ ಕೂಡಲೇ ನೆಡದೆ ಕೆಲವು ವಾರ ನೆರಳಿನಲ್ಲಿಟ್ಟು ನೀರುಣಿಸಿ. ಆರಿಸಲು ನೀವೇ ಹೋಗಿ, ಚೀಲದಿಂದ ಬಿಡಿಸಿ ಬೇರು ನೋಡಿ. ಚೀಲದೊಳಗೇ ಸುತ್ತಿಕೊಂಡ ಬೇರಿನ ಗಿಡ ಎಷ್ಟೇ ಎತ್ತರವಿದ್ದರೂ ಬೇಡ. ಪ್ರಮಾಣ ಪಟ್ಟಿಯಲ್ಲಿ ಎತ್ತರದ ಜೊತೆ ಕಾಂಡದ ದಪ್ಪ, ಚೀಲದ ಅಳತೆ ಮತ್ತು ಸಸ್ಯಶಾಸ್ತ್ರೀಯ ಹೆಸರು ಇರಬೇಕು. ಬರಿಯ 'ಸಂಪಿಗೆ' ಎಂದು ಬರೆದರೆ ನರ್ಸರಿಯವರು ಯಾವ ಸಂಪಿಗೆಯನ್ನಾದರೂ ಕಳುಹಿಸಬಹುದು.

ಕಲ್ಲಿಗೆ ದೂರ ಹೋಗಬೇಕಿಲ್ಲ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು, ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ನಮ್ಮ ಬಿಸಿಲು ಮಳೆಗಳನ್ನು ತಲೆಮಾರುಗಳಿಂದ ತಡೆದುಕೊಂಡಿವೆ.

ನರ್ಸರಿಯವರಿಂದ, ಗುತ್ತಿಗೆದಾರರಿಂದ ಕಮಿಷನ್ ಮುಟ್ಟಬೇಡಿ. ನೋಂದಾಯಿತ ವಾಸ್ತುಶಿಲ್ಪಿಗಳಿಗೆ 1989ರ ವೃತ್ತಿ ನಡತೆಯ ನಿಯಮಗಳು ಅದನ್ನು ನಿಷೇಧಿಸುತ್ತವೆ. ನೋಂದಣಿ ಇಲ್ಲದವರಿಗೂ ಇದು ಅನ್ವಯಿಸಬೇಕು ಎಂಬುದು ನನ್ನ ಅಭಿಪ್ರಾಯ. ಕಮಿಷನ್ ಪಡೆದವರು ಸತ್ತ ಗಿಡವನ್ನು 'ಬದಲಿಸಿಕೊಡಿ' ಎಂದು ಗಟ್ಟಿಯಾಗಿ ಹೇಳಲಾರರು. ವಿನ್ಯಾಸ ಮತ್ತು ಗುತ್ತಿಗೆ ಎರಡನ್ನೂ ಒಬ್ಬರೇ ಮಾಡುವ ಸಂಸ್ಥೆಗಳಿವೆ, ಅದರಲ್ಲಿ ತಪ್ಪಿಲ್ಲ. ಆದರೆ ಗ್ರಾಹಕರಿಗೆ ಮೊದಲ ಭೇಟಿಯಲ್ಲೇ ತಿಳಿಸಿ, ಲೆಕ್ಕ ಬೇರೆಬೇರೆ ಇಡಿ.

ಹಂತ 6: ಹಸ್ತಾಂತರದ ನಂತರದ ವರ್ಷ

ಹಸ್ತಾಂತರದ ಕಡತದಲ್ಲಿ ಕನ್ನಡದಲ್ಲಿ ಬರೆದ ನಿರ್ವಹಣಾ ಪಟ್ಟಿ ಇರಲೇಬೇಕು. ತೋಟ ನೋಡಿಕೊಳ್ಳುವವರು ಮಾಲಿಗಳು, ಇಂಗ್ಲಿಷ್ ಕೈಪಿಡಿ ಓದುವ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಲ್ಲ. ಯಾವ ತಿಂಗಳಲ್ಲಿ ಕೊಟ್ಟಿಗೆ ಗೊಬ್ಬರ, ಯಾವಾಗ ಕೊಂಬೆ ಸವರುವುದು, ಆಸರೆ ಕೋಲನ್ನು ಯಾವಾಗ ತೆಗೆಯುವುದು, ಹನಿ ನೀರಾವರಿಯ ಫಿಲ್ಟರನ್ನು ಯಾವಾಗ ತೊಳೆಯುವುದು ಎಂಬುದು ಚಿತ್ರಸಮೇತ ಇರಲಿ. ಮಾಲಿಗಳನ್ನು ಜೊತೆಯಲ್ಲಿ ಕರೆದುಕೊಂಡು ಇಡೀ ತೋಟ ಸುತ್ತಿ, ಅವರು ಹೇಳುವುದನ್ನೂ ಬರೆದುಕೊಳ್ಳಿ. ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ನಿಮಗಿಂತ ಮೊದಲು ತಿಳಿಯುತ್ತದೆ.

ಆ ವರ್ಷದಲ್ಲಿ ನಾಲ್ಕು ಭೇಟಿಗಳು ಕರಾರಿನಲ್ಲೇ ಇರಲಿ: ಮೊದಲ ಮಳೆಯ ನಂತರ, ಮಳೆಗಾಲದ ಕೊನೆಗೆ, ಚಳಿಗಾಲದಲ್ಲಿ, ಏಪ್ರಿಲ್ ಬಿಸಿಲಿನಲ್ಲಿ. ಪ್ರತಿ ಬಾರಿಯೂ ಅದೇ ಜಾಗಗಳಲ್ಲಿ ನಿಂತು ಛಾಯಾಚಿತ್ರ ತೆಗೆದು ಒಂದು ಪುಟದ ವರದಿ ಕೊಡಿ. ಮೂರನೆಯ ವರ್ಷದ ಛಾಯಾಚಿತ್ರವೇ ನಿಮ್ಮ ಅತ್ಯುತ್ತಮ ಜಾಹೀರಾತು. ವರ್ಷ ಮುಗಿದ ಮೇಲೆ ವಾರ್ಷಿಕ ಸಲಹೆಯ ಕರಾರನ್ನು ಮುಂದಿಡಿ. ಹೊಸ ಯೋಜನೆಗಳು ಬರದ ತಿಂಗಳುಗಳಲ್ಲಿ ಇಂಥ ಸಣ್ಣ ಕರಾರುಗಳೇ ಸಂಬಳ ಕೊಡಿಸುತ್ತವೆ.

ಹಂತ 7: ಬೆಳೆಯುವುದು

ಮೊದಲ ನೇಮಕ ಇನ್ನೊಬ್ಬ ನಕ್ಷೆಗಾರರದ್ದಾಗಬಾರದು. ತೋಟಗಾರಿಕೆ ಓದಿದವರನ್ನು ತೆಗೆದುಕೊಳ್ಳಿ. 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಪ್ರತಿ ವರ್ಷ ಪದವೀಧರರು ಹೊರಬರುತ್ತಾರೆ. ಮಣ್ಣು, ರೋಗ, ಕೀಟ ಗೊತ್ತಿರುವ ಒಬ್ಬರು ಸ್ಥಳದಲ್ಲಿದ್ದರೆ ನಿಮ್ಮ ವಿನ್ಯಾಸದ ಗುಣಮಟ್ಟವೇ ಬದಲಾಗುತ್ತದೆ.

ಸರ್ಕಾರಿ ಕೆಲಸಕ್ಕೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಟೆಂಡರ್‌ಗಳು ಹಿಂದಿನ ವಹಿವಾಟು ಮತ್ತು ಅನುಭವ ಕೇಳುವುದರಿಂದ ಮೊದಲ ಕೆಲವು ವರ್ಷ ದೊಡ್ಡ ಸಂಸ್ಥೆಯೊಂದರ ಜೊತೆ ಉಪಸಲಹೆಗಾರರಾಗಿ ಸೇರುವುದು ಒಳ್ಳೆಯ ದಾರಿ. ಕೆರೆಗಳ ಕೆಲಸದಲ್ಲಿ ಆಸಕ್ತಿಯಿದ್ದರೆ ಜಕ್ಕೂರು ಕೆರೆಗೆ ಹೋಗಿ ನೋಡಿ. ಅಲ್ಲಿ ಸಂಸ್ಕರಿಸಿದ ನೀರು ಜೌಗು ಸಸ್ಯಗಳ ನಡುವೆ ಹಾದು ಕೆರೆ ಸೇರುತ್ತದೆ. ಎಂಜಿನಿಯರ್‌, ಪರಿಸರ ತಜ್ಞರು ಮತ್ತು ಸುತ್ತಲಿನ ಜನರ ಜೊತೆ ಕೂತು ಕೆಲಸ ಮಾಡುವ ಅಭ್ಯಾಸ ಇಲ್ಲದ ಕಚೇರಿ ಅಂಥದ್ದಕ್ಕೆ ಕೈಹಾಕಬಾರದು.

ಸಾರ್ವಜನಿಕ ಯೋಜನೆಗಳು ವಿನ್ಯಾಸಕಾರರ ಆಯುಷ್ಯವನ್ನೂ ಮೀರಬಹುದು. ದೆಹಲಿಯ ಸುಂದರ್ ನರ್ಸರಿಯನ್ನು ವಿನ್ಯಾಸ ಮಾಡಿದ ಮೊಹಮ್ಮದ್ ಶಹೀರ್ 2015ರಲ್ಲಿ ತೀರಿಕೊಂಡರು. ಸುಮಾರು 90 ಎಕರೆಯ ಆ ಉದ್ಯಾನ ಜನರಿಗೆ ತೆರೆದದ್ದು 2018ರಲ್ಲಿ. ಅಮೆರಿಕದಲ್ಲಿ ಸೆಂಟ್ರಲ್ ಪಾರ್ಕ್ ಖ್ಯಾತಿಯ ಫ್ರೆಡರಿಕ್ ಲಾ ಓಮ್ಸ್ಟೆಡ್ 1883ರಲ್ಲಿ ಬಾಸ್ಟನ್ ಬಳಿಯ ಬ್ರೂಕ್‌ಲೈನ್‌ಗೆ ತಂದ ಕಚೇರಿಯನ್ನು ಅವರ ನಂತರ ಮಕ್ಕಳು ನಡೆಸಿದರು. ಆ ಕಚೇರಿಯ ನಕ್ಷೆಗಳು, ಗಿಡಗಳ ಪಟ್ಟಿಗಳು ಇಂದಿಗೂ ಅಲ್ಲಿ ಸುರಕ್ಷಿತವಾಗಿವೆ, ಹಳೆಯ ಉದ್ಯಾನಗಳನ್ನು ಸರಿಪಡಿಸುವವರು ಅವುಗಳನ್ನೇ ನೋಡುತ್ತಾರೆ. ನಿಮ್ಮ ಕಚೇರಿಯಲ್ಲೂ ಪ್ರತಿ ಯೋಜನೆಗೆ ನಿಜವಾಗಿ ನೆಟ್ಟದ್ದು ಏನು, ಕೊಳವೆ ಎಲ್ಲಿ ಹಾದಿದೆ ಎಂಬ ಅಂತಿಮ ನಕ್ಷೆ ಇರಲಿ, ಅದರ ಒಂದು ಪ್ರತಿ ಕಚೇರಿಯ ಹೊರಗೂ ಇರಲಿ.

ಐದಾರು ವರ್ಷ ಜೊತೆಗಿದ್ದು ಸ್ವತಂತ್ರವಾಗಿ ಯೋಜನೆ ನಡೆಸಬಲ್ಲವರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಿ. ಪಾಲುದಾರಿಕೆ ಪತ್ರದಲ್ಲಿ ಲಾಭದ ಹಂಚಿಕೆಯ ಜೊತೆಗೆ ಇನ್ನೂ ಮೂರು ವಿಷಯ ಬರೆಸಿ: ಒಬ್ಬರು ಹೊರಟರೆ ಹಳೆಯ ನಕ್ಷೆಗಳ ಹಕ್ಕು ಯಾರದ್ದು, ಬಾಕಿ ಇರುವ ವಾರ್ಷಿಕ ಭೇಟಿಗಳನ್ನು ಯಾರು ಮಾಡಬೇಕು, ಸಂಸ್ಥೆಯ ಹೆಸರನ್ನು ಯಾರು ಉಳಿಸಿಕೊಳ್ಳಬೇಕು. ವಕೀಲರು ತರುವ ಸಿದ್ಧ ಮಾದರಿಗಳಲ್ಲಿ ಎರಡನೆಯದು ಇರುವುದಿಲ್ಲ, ನೀವೇ ಕೇಳಿ ಸೇರಿಸಬೇಕು.